ಹೋರಾಟದ ಅನಂತರದ ಧರ್ಮ: ಶಾಲೆಯ ಮೈದಾನ ಮತ್ತು ಬದುಕುಳಿದವರ ಋಣ

ಅನ್ಯಾಯದ ಆಳ್ವಿಕೆಯನ್ನು ಎದುರಿಸಿ, ಲಾಠಿ, ಗುಂಡು, ಸೆರೆಮನೆಗಳನ್ನು ದಾಟಿ ಬದುಕುಳಿದವರಿಗೆ ಉಳಿದ ಆಯುಷ್ಯ ಏತಕ್ಕಾಗಿ ಎಂಬ ಪ್ರಶ್ನೆ ಭಾರತೀಯ ಧರ್ಮಚಿಂತನೆಗೆ ಹೊಸತಲ್ಲ. ಮಹಾಭಾರತದ ಶಾಂತಿಪರ್ವ ತೆರೆದುಕೊಳ್ಳುವುದೇ ಈ ಪ್ರಶ್ನೆಯೊಂದಿಗೆ. ಗೆದ್ದ ಯುಧಿಷ್ಠಿರನಿಗೆ ಗೆಲುವಿನಲ್ಲಿ ರುಚಿಯಿಲ್ಲ. ಕರ್ಣ ತನ್ನ ಅಣ್ಣನೆಂದು ತಿಳಿದ ಮೇಲಂತೂ ರಾಜ್ಯವೆಂಬುದೇ ಭಾರವಾಗಿ, ಅವನು ಕಾಡಿಗೆ ಹೊರಡಲು ಅಣಿಯಾಗುತ್ತಾನೆ. ತಮ್ಮಂದಿರೂ ದ್ರೌಪದಿಯೂ ವ್ಯಾಸರೂ ಕೃಷ್ಣನೂ ಸೇರಿ ಅವನನ್ನು ತಡೆದು ಆಳ್ವಿಕೆಯೆಂಬ ಕರ್ತವ್ಯಕ್ಕೆ ಮರಳಿಸುತ್ತಾರೆ. ಆದರೆ ಹೋರಾಟದಿಂದ ಹಿಂದಿರುಗಿದವರೆಲ್ಲರಿಗೂ ಆಳಲು ರಾಜ್ಯವಿರುವುದಿಲ್ಲ. ಸಾಮಾನ್ಯ ಮನುಷ್ಯನು ಅಸಾಮಾನ್ಯವಾದ ಕಾಲವೊಂದನ್ನು ಬಾಳಿ, ಮತ್ತೆ ಸಾಮಾನ್ಯ ಬದುಕಿಗೆ ಬಂದಾಗ ಅವನ ಧರ್ಮ ಯಾವುದು ಎಂಬುದಕ್ಕೆ ಶಾಂತಿಪರ್ವದಲ್ಲಿ ನೇರವಾದ ಉತ್ತರ ಸಿಗುವುದಿಲ್ಲ. ಅಂಥ ಒಂದು ಉತ್ತರವು ಇಪ್ಪತ್ತನೆಯ ಶತಮಾನದಲ್ಲಿ, ಕರ್ನಾಟಕದ ಶಾಲೆಗಳ ಆಟದ ಮೈದಾನಗಳಲ್ಲಿ, ಹೆಚ್ಚು ಸದ್ದಿಲ್ಲದೆ ರೂಪುಗೊಂಡಿತು. ಅದರ ತಾತ್ತ್ವಿಕ ಅರ್ಥವನ್ನು ವಿಚಾರಿಸುವುದು ಇಲ್ಲಿನ ಉದ್ದೇಶ.

ಯುದ್ಧಕಾಲದ ಪ್ರತಿರೋಧ ಎಂದರೆ ಯೂರೋಪಿನಲ್ಲಿ ಸಾಮಾನ್ಯವಾಗಿ ನಾಜಿ ಆಕ್ರಮಣದ ವಿರುದ್ಧ ಜನರು ಗುಟ್ಟಾಗಿ ನಡೆಸಿದ ಹೋರಾಟವೆಂದು ಅರ್ಥ. ಭಾರತದಲ್ಲಿ ಅದೇ ಯುದ್ಧದ ನಡುವೆ, ಭಾರತೀಯರನ್ನು ಕೇಳದೆಯೇ ಭಾರತವನ್ನು ಯುದ್ಧಕ್ಕೆ ಇಳಿಸಿದ ಸರಕಾರದ ವಿರುದ್ಧ, 1942ರ ಆಗಸ್ಟ್‌ನಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಎದ್ದಿತು. ಮೈಸೂರು ಸಂಸ್ಥಾನದಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರು ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತು. ಅದರ ಬೆಲೆಯಾಗಿ 1943ರ ಮಾರ್ಚ್‌ನಲ್ಲಿ ಆ ಊರಿನ ಐವರು ಗಲ್ಲಿಗೇರಿದರು. ಬೆಂಗಳೂರು, ಮೈಸೂರು ನಗರಗಳ ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಬೀದಿಗಿಳಿದು, ಅನೇಕರು ಸೆರೆಮನೆ ಸೇರಿದರು. ಮೈಸೂರು ನಗರದ ಮಟ್ಟಿಗೆ ಹೋರಾಟ ಯುದ್ಧದೊಂದಿಗೆ ಮುಗಿಯಲೂ ಇಲ್ಲ. ಸ್ವಾತಂತ್ರ್ಯ ಬಂದ ಮೇಲೂ ಜವಾಬ್ದಾರಿ ಸರಕಾರಕ್ಕಾಗಿ, ಎಂದರೆ ಜನರು ಆರಿಸಿದವರಿಗೆ ಉತ್ತರ ಹೇಳಬೇಕಾದ ಸರಕಾರಕ್ಕಾಗಿ, ‘ಮೈಸೂರು ಚಲೋ’ ನಡೆಯಿತು. 1947ರ ಸೆಪ್ಟೆಂಬರ್‌ನಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ನಗರದ ಒಂದು ವೃತ್ತ ಇಂದಿಗೂ ಹೊತ್ತಿದೆ. ಚಳವಳಿಯ ಸಭೆಗಳು ಸೇರುತ್ತಿದ್ದ ಸುಬ್ಬರಾಯನಕೆರೆಯ ಬಯಲು ಸ್ವಾತಂತ್ರ್ಯ ಹೋರಾಟಗಾರರ ಸ್ಮರಣೆಯ ಉದ್ಯಾನವಾಗಿದೆ.

ಈ ಹೋರಾಟಕ್ಕೂ ಶಾಲೆಯ ಆಟೋಟಗಳಿಗೂ ಇರುವ ಕೊಂಡಿಯನ್ನು ಬೆಸೆದವರಲ್ಲಿ ಮೊದಲ ಹೆಸರು ಡಾ. ನಾ. ಸು. ಹರ್ಡೀಕರರದು (1889–1975). ಧಾರವಾಡದಲ್ಲಿ ಹುಟ್ಟಿ, ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಓದಿ, ಅಲ್ಲಿಯೇ ಲಾಲಾ ಲಜಪತರಾಯರೊಂದಿಗೆ ದುಡಿದು ಬಂದ ಈ ವೈದ್ಯರು, 1923ರ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯ ತರುಣರನ್ನು ಕರೆದೊಯ್ದರು. ಆ ತರುಣರು ಸೆರೆಯಲ್ಲಿ ಕ್ಷಮೆ ಕೇಳದೆ ಗಟ್ಟಿಯಾಗಿ ನಿಂತದ್ದು ದೇಶದ ಗಮನ ಸೆಳೆದು, ಅದೇ ವರ್ಷದ ಕೊನೆಯಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರಾದರು. ದಳದ ಮಹಿಳಾ ವಿಭಾಗವನ್ನು ಮುನ್ನಡೆಸಿದ ಉಮಾಬಾಯಿ ಕುಂದಾಪುರ (1892–1992) ಹುಬ್ಬಳ್ಳಿಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿದರು, 1932ರಲ್ಲಿ ಯೆರವಡಾ ಸೆರೆಮನೆಯಲ್ಲಿದ್ದರು, 1942ರಲ್ಲಿ ಭೂಗತರಾಗಿದ್ದ ಹೋರಾಟಗಾರರಿಗೆ ಅನ್ನವನ್ನೂ ನೆರಳನ್ನೂ ಕೊಟ್ಟರು. ಸ್ವಾತಂತ್ರ್ಯಾನಂತರ ಸರಕಾರ ಕೊಡಬಂದ ತಾಮ್ರಪತ್ರವನ್ನೂ ಪಿಂಚಣಿಯನ್ನೂ ಒಲ್ಲೆನೆಂದರು. ಹರ್ಡೀಕರರು 1952ರಿಂದ ಹತ್ತು ವರ್ಷ ರಾಜ್ಯಸಭೆಯಲ್ಲಿದ್ದರೂ, 1958ರಲ್ಲಿ ಪದ್ಮಭೂಷಣವನ್ನು ಪಡೆದರೂ, ಅವರ ಹೆಸರು ಹಳ್ಳಿಹಳ್ಳಿಗೆ ಮುಟ್ಟಿದ್ದು ಭಾರತ ಸೇವಾದಳದ ಮೂಲಕ. ಒಂದು ಕಾಲದಲ್ಲಿ ಬ್ರಿಟಿಷ್ ಸರಕಾರದ ನಿಷೇಧಕ್ಕೆ ಗುರಿಯಾಗಿದ್ದ ಸಂಘಟನೆಯ ಪರಂಪರೆಯೇ ಸ್ವತಂತ್ರ ಭಾರತದಲ್ಲಿ ಕರ್ನಾಟಕದ ಶಾಲೆಗಳೊಳಗೆ ಬಂದು, ಮಕ್ಕಳಿಗೆ ವ್ಯಾಯಾಮ, ಕವಾಯತು, ಧ್ವಜದ ನಿಯಮ, ಸಮೂಹಗಾನಗಳನ್ನು ಕಲಿಸುವ ಸ್ವಯಂಸೇವೆಯಾಯಿತು. ಹೋರಾಟದಿಂದ ಉಳಿದು ಬಂದವರೆಲ್ಲ ಈ ದಾರಿ ಹಿಡಿಯಲಿಲ್ಲ ಎಂಬುದು ನಿಜ. 1942ರಲ್ಲಿ ಸೆರೆಯಾಗಿ, 1947ರಲ್ಲಿ ಮೈಸೂರಿನಿಂದ ‘ಪೌರವಾಣಿ’ ಪತ್ರಿಕೆ ನಡೆಸಿದ ಎಚ್. ಎಸ್. ದೊರೆಸ್ವಾಮಿಯವರು 2021ರಲ್ಲಿ ತೀರಿಕೊಳ್ಳುವವರೆಗೂ ಬೀದಿಯ ಹೋರಾಟವನ್ನೇ ಬಿಡಲಿಲ್ಲ. ಎರಡೂ ದಾರಿಗಳು ಗೌರವಕ್ಕೆ ಅರ್ಹವೇ. ಆದರೆ ಮೊದಲನೆಯದರ ಬಗ್ಗೆ ಚಿಂತನೆ ಕಡಿಮೆ ನಡೆದಿದೆ, ಏಕೆಂದರೆ ಮಕ್ಕಳ ಆಟವನ್ನು ತತ್ತ್ವದ ವಿಷಯವೆಂದು ಎಣಿಸುವ ರೂಢಿ ವಿದ್ವಾಂಸರಲ್ಲಿ ಅಷ್ಟಾಗಿ ಇಲ್ಲ.

ಇಂಥ ಸೇವೆಯನ್ನು ಅರ್ಥಮಾಡಿಕೊಳ್ಳಲು ಮೊದಲು ನೆರವಾಗುವುದು ಋಣದ ಕಲ್ಪನೆ. ಬ್ರಾಹ್ಮಣನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆ ಎಂದು ತೈತ್ತಿರೀಯ ಸಂಹಿತೆ ಹೇಳುತ್ತದೆ: ಋಷಿಗಳ ಋಣವನ್ನು ಬ್ರಹ್ಮಚರ್ಯದಿಂದ, ದೇವತೆಗಳ ಋಣವನ್ನು ಯಜ್ಞದಿಂದ, ಪಿತೃಗಳ ಋಣವನ್ನು ಸಂತಾನದಿಂದ ತೀರಿಸಬೇಕು. ಶತಪಥ ಬ್ರಾಹ್ಮಣವು ಇವುಗಳಿಗೆ ನಾಲ್ಕನೆಯದಾಗಿ ಮನುಷ್ಯರ ಋಣವನ್ನು ಸೇರಿಸುತ್ತದೆ. ಬಂದವರಿಗೆ ಅನ್ನ, ಆಶ್ರಯ ಕೊಡುವುದೇ ಅದರ ಪರಿಹಾರ. ಇವುಗಳಲ್ಲಿ ಪಿತೃಋಣದ ಸ್ವರೂಪ ವಿಶೇಷವಾದದ್ದು, ಏಕೆಂದರೆ ಸಾಲ ಕೊಟ್ಟವರು ಹಿಂದಿನವರು, ಅದನ್ನು ಪಡೆಯುವವರು ಮುಂದಿನವರು. ಸತ್ತವರಿಗೆ ಸಲ್ಲಬೇಕಾದದ್ದು ಸತ್ತವರ ಕೈಗೆ ಹೋಗುವಂತಿಲ್ಲ. ಬದುಕುಳಿದ ಹೋರಾಟಗಾರನ ಋಣವೂ ಇದೇ ಬಗೆಯದು. ಪಕ್ಕದಲ್ಲಿ ನಿಂತವನಿಗೆ ಗುಂಡು ತಾಗಿ ತನಗೆ ತಾಗದೆ ಹೋದದ್ದು ಅವನ ಯೋಗ್ಯತೆಯಿಂದಲ್ಲ. ಆ ವ್ಯತ್ಯಾಸಕ್ಕೆ ಯಾವ ನ್ಯಾಯವೂ ಇಲ್ಲ. ಬದುಕುಳಿದದ್ದೇ ಒಂದು ಅಪರಾಧವೆಂಬಂತೆ ಕಾಡುವ ಈ ಭಾವವನ್ನು ಮನಶ್ಶಾಸ್ತ್ರ ರೋಗಲಕ್ಷಣವೆಂದು ವಿವರಿಸೀತು, ಆದರೆ ಋಣದ ಪರಿಭಾಷೆ ಅದಕ್ಕೆ ಹೆಚ್ಚು ಘನತೆಯ ಸ್ಥಾನ ಕೊಡುತ್ತದೆ: ಅಪರಾಧಕ್ಕೆ ಶಿಕ್ಷೆ ಬೇಕಾಗುತ್ತದೆ, ಋಣಕ್ಕೆ ಸಲ್ಲಿಕೆ ಸಾಕು. ಶಾಲೆಗೆ ಹೋಗುವ ವಯಸ್ಸಿನಲ್ಲಿಯೇ ಪ್ರಾಣ ಬಿಟ್ಟ ರಾಮಸ್ವಾಮಿಯಂಥವರ ಋಣವನ್ನು ಅದೇ ವಯಸ್ಸಿನ, ತನ್ನ ರಕ್ತಸಂಬಂಧವಿಲ್ಲದ ಮಕ್ಕಳಿಗೆ ಸಲ್ಲಿಸುವುದರಲ್ಲಿ ವೈದಿಕ ಕಲ್ಪನೆಯ ಒಂದು ವಿಸ್ತಾರವೂ ಇದೆ. ಇಲ್ಲಿ ಸಂತಾನವೆಂಬುದು ಮನೆಯ ಹೊಸ್ತಿಲು ದಾಟಿ ಊರಿನ ಮಕ್ಕಳೆಲ್ಲರನ್ನೂ ಒಳಗೊಳ್ಳುತ್ತದೆ.

ಆದರೆ ಋಣ ತೀರಿಸಲು ಆಟದ ಮೈದಾನವೇ ಏಕೆ, ಪಾಠವೋ ವೈದ್ಯವೋ ಏಕಲ್ಲ ಎಂಬ ಪ್ರಶ್ನೆ ಇಷ್ಟರಿಂದ ಬಗೆಹರಿಯುವುದಿಲ್ಲ. ಅಷ್ಟೇ ಅಲ್ಲ, ಇಲ್ಲಿ ಒಂದು ನಿಜವಾದ ತೊಡಕೂ ಇದೆ. 1942ರಲ್ಲಿ ಕಾನೂನು ಮುರಿದವನು, ಆಜ್ಞೆಗೆ ತಲೆಬಾಗದಿರುವುದೇ ಧರ್ಮವೆಂದು ಸೆರೆಮನೆಗೆ ಹೋದವನು, ಈಗ ಕೊರಳಿಗೆ ಸೀಟಿ ತೂಗುಹಾಕಿಕೊಂಡು, ಸೀಟಿ ಊದಿದೊಡನೆ ನಿಲ್ಲಬೇಕೆಂದು ಮಕ್ಕಳಿಗೆ ಕಲಿಸುತ್ತಾನೆ. ಸತ್ಯಾಗ್ರಹಿಯು ತಪ್ಪು ತೀರ್ಪನ್ನು ಒಪ್ಪುವುದಿಲ್ಲ; ಆಟಗಾರನು ತೀರ್ಪುಗಾರನ ತಪ್ಪನ್ನೂ ಒಪ್ಪಿಕೊಂಡು ಆಟ ಮುಂದುವರಿಸಬೇಕು. ಒಬ್ಬನೇ ಮನುಷ್ಯನಲ್ಲಿ ಈ ಎರಡು ಪಾಠಗಳು ಹೇಗೆ ಕೂಡಿ ಇರಬಲ್ಲವು?

ಖೊ-ಖೊ ಅಂಕಣವನ್ನು ಹತ್ತಿರದಿಂದ ನೋಡಿದರೆ ಇದಕ್ಕೆ ಉತ್ತರ ಕಾಣಿಸುತ್ತದೆ. ಎರಡು ಕಂಬಗಳ ನಡುವಣ ಪಟ್ಟಿಯಲ್ಲಿ ಎಂಟು ಮಂದಿ ಸಾಲಾಗಿ ಕುಕ್ಕರುಗಾಲಿನಲ್ಲಿ ಕೂರುತ್ತಾರೆ, ಒಬ್ಬನ ಮುಖ ಈ ಕಡೆಗಾದರೆ ಪಕ್ಕದವನದು ಆ ಕಡೆಗೆ. ಒಂಬತ್ತನೆಯವನು ಎದುರಾಳಿಯನ್ನು ಅಟ್ಟುತ್ತಾನೆ. ಓಡುವವನು ಕೂತವರ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು, ಅಟ್ಟುವವನು ಮಾತ್ರ ನಡುವಣ ಪಟ್ಟಿಯನ್ನು ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಕಂಬ ಸುತ್ತುವ ತನಕ ಬದಲಿಸುವಂತಿಲ್ಲ. ದಿಕ್ಕು ಬದಲಾಗಬೇಕಾದರೆ ಕೂತವನ ಬೆನ್ನು ಮುಟ್ಟಿ ‘ಖೊ’ ಎನ್ನಬೇಕು, ಆಗ ಇವನು ಕೂತು ಅವನು ಏಳುತ್ತಾನೆ. ಮುಟ್ಟುವ ಮೊದಲೇ ಎದ್ದರೆ ತಪ್ಪು. ಎದುರಾಳಿ ಕೈಗೆಟಕುವಷ್ಟು ಹತ್ತಿರ ಹಾದುಹೋದರೂ ಸರದಿ ಬರುವ ತನಕ ಕೂತೇ ಇರಬೇಕು. ಹನ್ನೆರಡು ವರ್ಷದ ಹುಡುಗಿಯೊಬ್ಬಳಿಗೆ ಇದಕ್ಕಿಂತ ಕಠಿಣವಾದ ಸಂಯಮ ದಿನದ ಬೇರಾವ ಗಳಿಗೆಯಲ್ಲಿಯೂ ಎದುರಾಗಲಾರದು. ಮುಖ್ಯವಾದ ಸಂಗತಿಯೆಂದರೆ ಈ ನಿರ್ಬಂಧಗಳಾವುವೂ ಮೇಲಿನವರು ಕೆಳಗಿನವರ ಮೇಲೆ ಹೇರಿದವಲ್ಲ. ಈ ಸರದಿಯಲ್ಲಿ ಅಟ್ಟುವವರಿಗೆ ಇರುವ ಕಟ್ಟು ಮುಂದಿನ ಸರದಿಯಲ್ಲಿ ಓಡಿದವರಿಗೂ ಬರುತ್ತದೆ; ಕಟ್ಟು ಬೇಡವೆನ್ನುವವರು ಅಂಕಣದಿಂದ ಹೊರಗೆ ಬರಬಹುದು; ಕಟ್ಟಿಲ್ಲದೆ ಆಟವೇ ಇಲ್ಲವೆಂಬುದು ಆಡುವವರೆಲ್ಲರಿಗೂ ಗೊತ್ತು. ಬ್ರಿಟಿಷ್ ಆಳ್ವಿಕೆಯ ಆಜ್ಞೆಯಲ್ಲಿ ಇಲ್ಲದಿದ್ದದ್ದು ಈ ಸಮ್ಮತಿ ಮತ್ತು ಈ ಸಮಾನತೆ. ಸಮ್ಮತಿಯಿಲ್ಲದ ನಿಯಮವನ್ನು ಮುರಿಯುವುದು, ಸಮ್ಮತಿಸಿದ ನಿಯಮಕ್ಕೆ ಯಾರೂ ನೋಡದಿದ್ದಾಗಲೂ ಬದ್ಧನಾಗಿರುವುದು, ಎರಡೂ ಸ್ವರಾಜ್ಯ ಎಂಬ ಒಂದೇ ತತ್ತ್ವದ ಬೇರೆ ಬೇರೆ ಕಾಲದ ಕರ್ತವ್ಯಗಳು. ಗಾಂಧೀಜಿಯವರ ಚಿಂತನೆಯಲ್ಲಿ ಸ್ವರಾಜ್ಯವೆಂದರೆ ಮೊದಲಿಗೆ ತನ್ನನ್ನು ತಾನು ಆಳಿಕೊಳ್ಳುವುದು; ಈ ಅರ್ಥದಲ್ಲಿ ಖೊ-ಖೊ ಅಂಕಣದಲ್ಲಿ ಸರದಿಗಾಗಿ ಕಾದು ಕೂತ ಮಗು ಸ್ವರಾಜ್ಯದ ಅಭ್ಯಾಸದಲ್ಲಿ ತೊಡಗಿದೆ ಎಂದರೆ ಅತಿಶಯೋಕ್ತಿಯಾಗದು. ಸತ್ಯಾಗ್ರಹದಲ್ಲಿ ಎದುರಾಳಿಯು ಶತ್ರುವಲ್ಲ ಎಂಬುದನ್ನು ಸಾಧಕನು ಬಹಳ ಕಷ್ಟದಿಂದ ಮನಸ್ಸಿಗೆ ತಂದುಕೊಳ್ಳಬೇಕು. ಆಟದಲ್ಲಿ ಅದು ಆರಂಭದಲ್ಲಿಯೇ ದೊರೆಯುವ ಅನುಭವ, ಎದುರಾಳಿ ಬಾರದ ದಿನ ಆಟವೇ ನಡೆಯುವುದಿಲ್ಲವಲ್ಲ.

ಹಾಗೆಂದು ಮೈದಾನವೆಲ್ಲ ಪವಿತ್ರವೆಂದು ಭಾವಿಸಿದರೆ ಚರಿತ್ರೆಗೆ ಬೆನ್ನು ಹಾಕಿದಂತಾಗುತ್ತದೆ. ಕವಾಯತು, ಎಂದರೆ ಒಂದೇ ಆಜ್ಞೆಗೆ ಎಲ್ಲರ ಕೈಕಾಲುಗಳೂ ಒಂದೇ ಬಗೆಯಲ್ಲಿ ಚಲಿಸುವ ಸಾಮೂಹಿಕ ವ್ಯಾಯಾಮ, ಆಟವಲ್ಲ. ಅದರಲ್ಲಿ ಎದುರಾಳಿಯಿಲ್ಲ, ಆಯ್ಕೆಯೂ ಇಲ್ಲ. ಸೇವಾದಳವು ಹುಟ್ಟಿದಾಗಲೇ ಕಾಂಗ್ರೆಸ್ಸಿನೊಳಗೆ ಕೆಲವರು ಈ ಸೈನಿಕ ಮಾದರಿಯ ಶಿಸ್ತು ಅಹಿಂಸೆಯ ತತ್ತ್ವಕ್ಕೆ ಒಗ್ಗದೆಂದು ಆಕ್ಷೇಪಿಸಿದ್ದರು. ಮುಂದಿನ ವರ್ಷಗಳಲ್ಲಿ ಇಟಲಿ, ಜರ್ಮನಿಗಳ ಸರ್ವಾಧಿಕಾರಿಗಳು ಶಾಲಾಮಕ್ಕಳ ಅಂಗಸಾಧನೆಯನ್ನು ಯುದ್ಧದ ಸಿದ್ಧತೆಯಾಗಿ ಬಳಸಿದ್ದನ್ನು ನೆನೆದರೆ ಆ ಆಕ್ಷೇಪ ಸಣ್ಣದೆನಿಸುವುದಿಲ್ಲ. ಸೇವಾದಳದ ಶಿಸ್ತು ಸೆರೆಮನೆಯಲ್ಲಿ ನೋವು ಸಹಿಸುವುದಕ್ಕೇ ಹೊರತು ನೋವು ಕೊಡುವುದಕ್ಕಲ್ಲ ಎಂಬ ಸಮಾಧಾನ ನಿಜವಾದರೂ, ಸ್ವತಂತ್ರ ದೇಶದ ಶಾಲೆಯಲ್ಲಿ ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸುವವರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿಕೊಳ್ಳಲೇಬೇಕು. ಶರೀರಕ್ಕೆ ಬಲ ಕೊಡುವ ವಿದ್ಯೆ ಬುದ್ಧಿಯ ಸ್ವಾತಂತ್ರ್ಯವನ್ನು ಕಸಿದುಕೊಳ್ಳಲೂ ಬಲ್ಲದು.

ಕ್ರೀಡೆಯ ಈ ಎರಡು ಮುಖಗಳನ್ನೂ ತನ್ನ ಮೈಮೇಲೆ ಅನುಭವಿಸಿದ ಒಬ್ಬರೆಂದರೆ ಫ್ರಾನ್ಸಿನ ಈಜುಗಾರ ಆಲ್ಫ್ರೆಡ್ ನಕಾಶ್ (1915–1983). ಆಲ್ಜೀರಿಯಾದ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರು 1936ರಲ್ಲಿ ಹಿಟ್ಲರನ ಬರ್ಲಿನ್ನಿನಲ್ಲಿಯೇ ನಡೆದ ಒಲಿಂಪಿಕ್ ಕೂಟದಲ್ಲಿ ಫ್ರಾನ್ಸಿನ ಪರವಾಗಿ ಈಜಿದರು. ಯುದ್ಧಕಾಲದಲ್ಲಿ ತುಲೂಸ್ ನಗರದಲ್ಲಿ ಯಹೂದಿ ಪ್ರತಿರೋಧದ ತರುಣರಿಗೆ ಅಂಗಸಾಧನೆ ಕಲಿಸಿದರು. 1944ರ ಜನವರಿಯಲ್ಲಿ ಹೆಂಡತಿ ಮತ್ತು ಪುಟ್ಟ ಮಗಳೊಂದಿಗೆ ಆಶ್ವಿಟ್ಸ್ ಶಿಬಿರಕ್ಕೆ ಸಾಗಿಸಲ್ಪಟ್ಟರು. ಹೆಂಡತಿ, ಮಗಳು ಮರಳಲಿಲ್ಲ. ನಕಾಶ್ ಮರಳಿ ಬಂದು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮತ್ತೆ ನೀರಿಗಿಳಿದರು, ಬಳಿಕ ದೈಹಿಕ ಶಿಕ್ಷಣದ ಅಧ್ಯಾಪಕರಾಗಿ ಎಳೆಯರಿಗೆ ಈಜು ಕಲಿಸುತ್ತ ಬಾಳಿದರು. ತನ್ನ ಮಗುವನ್ನು ಕಳೆದುಕೊಂಡವನು ಬೇರೆಯವರ ಮಕ್ಕಳ ಶರೀರಗಳಿಗೆ ಉಸಿರು ಹಿಡಿಯುವ, ಬಿಡುವ ಕ್ರಮವನ್ನು ಕಲಿಸುವುದನ್ನು ಕೇವಲ ಉದ್ಯೋಗವೆಂದು ಕರೆಯುವುದು ಕಷ್ಟ. ಋಣದ ಕಲ್ಪನೆಯನ್ನು ಮೇಲೆ ವಿವರಿಸಿದ ಅರ್ಥದಲ್ಲಿ ಹಿಡಿದರೆ ಅದು ವೇದದ ನೆಲದಲ್ಲಿ ಹುಟ್ಟದವರಿಗೂ ಸಲ್ಲುತ್ತದೆ ಎಂಬುದಕ್ಕೆ ಈ ಬದುಕೇ ಸಾಕ್ಷಿ.

ಇನ್ನು ಉಳಿಯುವುದು ಆಟವೆಂಬುದರ ಸ್ವರೂಪದ ಪ್ರಶ್ನೆ. ವೇದಾಂತದಲ್ಲಿ ಇದಕ್ಕೆ ಲೀಲೆ ಎಂಬ ಹೆಸರಿನಲ್ಲಿ ಗಂಭೀರವಾದ ಸ್ಥಾನವಿದೆ. ಎಲ್ಲವನ್ನೂ ಪಡೆದಿರುವ ಪರಬ್ರಹ್ಮಕ್ಕೆ ಜಗತ್ತನ್ನು ಸೃಷ್ಟಿಸುವ ಪ್ರಯೋಜನವೇನು ಎಂಬ ಆಕ್ಷೇಪಕ್ಕೆ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದವು, ಲೋಕದಲ್ಲಿ ಕಾಣುವಂತೆ ಅದು ಕೇವಲ ಲೀಲೆ ಎಂದು ಉತ್ತರಿಸುತ್ತದೆ. ಶಂಕರರು ಇದನ್ನು ವಿವರಿಸುತ್ತ ಬಯಕೆಗಳೆಲ್ಲ ತೀರಿದ ರಾಜನ ವಿಹಾರವನ್ನೂ ತಾನಾಗಿ ನಡೆಯುವ ಉಸಿರಾಟವನ್ನೂ ಉದಾಹರಿಸುತ್ತಾರೆ. ಮಧ್ವರು ಸುಖ ಉಕ್ಕಿದವನು ಪ್ರಯೋಜನವೊಂದನ್ನೂ ಎಣಿಸದೆ ಕುಣಿದು ಹಾಡುವುದನ್ನು ನೆನಪಿಸುತ್ತಾರೆ. ಮೈಸೂರಿಗೆ ಸಮೀಪದ ಮೇಲುಕೋಟೆಯಲ್ಲಿ ಹಲವು ವರ್ಷ ನೆಲೆಸಿದ್ದ ರಾಮಾನುಜರು ಶ್ರೀಭಾಷ್ಯದಲ್ಲಿ ಕೊಡುವ ಉದಾಹರಣೆಯಂತೂ ನೇರವಾಗಿ ಮೈದಾನದ್ದು: ಭೂಮಂಡಲವನ್ನೇ ಆಳುವ, ಶೌರ್ಯದಲ್ಲಿ ಕೊರತೆಯಿಲ್ಲದ ಮಹಾರಾಜನು ಆಟವನ್ನು ಬಿಟ್ಟರೆ ಬೇರೆ ಪ್ರಯೋಜನವಿಲ್ಲದೆ ಚೆಂಡಾಡುತ್ತಾನೆ. ಮೂವರು ಆಚಾರ್ಯರಲ್ಲಿಯೂ ಸಮಾನವಾದದ್ದು, ಆಟವು ಕೊರತೆಯಿಂದಲ್ಲ, ತುಂಬಿದ ಸ್ಥಿತಿಯಿಂದ ಹುಟ್ಟುತ್ತದೆ ಎಂಬ ಒಳನೋಟ. 1892ರಲ್ಲಿ ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ವಿವೇಕಾನಂದರು ಮುಂದೆ ಮದ್ರಾಸಿನ ಉಪನ್ಯಾಸವೊಂದರಲ್ಲಿ ತರುಣರಿಗೆ ಗೀತೆಯ ಓದಿಗಿಂತ ಫುಟ್‌ಬಾಲನ್ನೇ ಮೊದಲು ಸೂಚಿಸಿದ್ದು ಪ್ರಸಿದ್ಧ; ಆದರೆ ಅವರ ದೃಷ್ಟಿಯಲ್ಲಿ ಆಟವು ಬಲಕ್ಕೆ ಸಾಧನ, ಬಲವು ಗೀತೆಯನ್ನು ಅರಿಯಲು ಸಾಧನ. ರಾಮಾನುಜರ ಚೆಂಡಿಗೆ ಅಂಥ ಉದ್ದೇಶವೂ ಇಲ್ಲ, ಮತ್ತು ಮಕ್ಕಳ ಆಟದ ನಿಜವಾದ ಸ್ವಭಾವಕ್ಕೆ ಅದೇ ಹೆಚ್ಚು ಹತ್ತಿರ.

ಬದುಕುಳಿದ ಹೋರಾಟಗಾರನಿಗೆ ಈ ತುಂಬಿದ ಸ್ಥಿತಿ ಇಲ್ಲ. ಅವನು ಕಳೆದುಕೊಂಡವನು; ಮಗುವಿನಂತೆ ಆಡಲಾರ. ಅವನ ಪಾಲಿಗೆ ಬರುವುದು ಗೀತೆಯ ನಿಷ್ಕಾಮ ಕರ್ಮ. ಮಹಾರಾಜ ಕಾಲೇಜಿನ ಪ್ರೊ. ಎಂ. ಹಿರಿಯಣ್ಣನವರು (1871–1950) ಈ ತತ್ತ್ವವನ್ನು ವಿವರಿಸುವಾಗ, ಗೀತೆ ಬಿಡಬೇಕೆನ್ನುವುದು ಕೆಲಸವನ್ನಲ್ಲ, ಕೆಲಸದೊಳಗಿನ ಫಲದ ಹಂಬಲವನ್ನು ಎಂಬ ಅಂಶಕ್ಕೆ ಒತ್ತು ಕೊಟ್ಟರು. ಶಾಲೆಯ ಕ್ರೀಡಾಕೂಟದ ಬೆಳಗ್ಗೆ ಈ ತತ್ತ್ವ ಕಣ್ಣಿಗೆ ಕಾಣುವ ರೂಪದಲ್ಲಿಯೇ ಇರುತ್ತದೆ. ಮಕ್ಕಳು ಬರುವ ಮೊದಲೇ ಯಾರೋ ಒಬ್ಬರು ಹಗ್ಗ ಹಿಡಿದು, ಮೊಳೆ ನೆಟ್ಟು, ಸುಣ್ಣದ ಪುಡಿಯಲ್ಲಿ ಓಟದ ಗೆರೆಗಳನ್ನು ಎಳೆದಿರುತ್ತಾರೆ. ತಿರುವಿನಲ್ಲಿ ಹೊರಗಿನ ಗೆರೆಯವರಿಗೆ ದೂರ ಹೆಚ್ಚಾಗುವುದರಿಂದ ಪ್ರತಿಯೊಂದು ಗೆರೆಯ ಆರಂಭವನ್ನೂ ಅಳೆದು ಮುಂದಕ್ಕೆ ಸರಿಸಿರುತ್ತಾರೆ, ಇಲ್ಲವಾದರೆ ಓಟ ಶುರುವಾಗುವ ಮೊದಲೇ ಅನ್ಯಾಯ ಆಗಿರುತ್ತದೆ. ಸಂಜೆಯ ಹೊತ್ತಿಗೆ ಆ ಗೆರೆಗಳು ನೂರಾರು ಕಾಲುಗಳ ಕೆಳಗೆ ಅಳಿಸಿಹೋಗುತ್ತವೆ, ಪದಕ ಓಡಿದವರಿಗೆ ಸಲ್ಲುತ್ತದೆ. ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಆಯ್ಕೆಯಾದವರ ಹೆಸರು ದಾಖಲೆಯಲ್ಲಿ ಉಳಿಯುತ್ತದೆ, ಗೆರೆ ಎಳೆದವರದು ಉಳಿಯುವುದಿಲ್ಲ. ಗೆರೆಯ ಒಳಗೆ ಲೀಲೆ, ಹೊರಗೆ ನಿಷ್ಕಾಮ ಕರ್ಮ. ಒಂದು ಪ್ರಯೋಜನವನ್ನು ಅರಿಯದು, ಇನ್ನೊಂದು ಪ್ರಯೋಜನವನ್ನು ಅರಿತೂ ಬಿಟ್ಟದ್ದು. ದರ್ಶನಗ್ರಂಥಗಳು ಈ ಎರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ವಿವರಿಸುತ್ತವೆ, ಆದರೆ ಲೋಕದಲ್ಲಿ ಮೊದಲನೆಯದು ನಡೆಯಬೇಕಾದರೆ ಎರಡನೆಯದು ಅದನ್ನು ಕಾಯಬೇಕಾಗುತ್ತದೆ. ಸೋತರೂ ಸಾಯದಂಥ, ಬಿದ್ದರೂ ಎದ್ದು ಮನೆಗೆ ಹೋಗಬಲ್ಲಂಥ ಸ್ಪರ್ಧೆಯೊಂದು ಭೂಮಿಯ ಮೇಲೆ ಇರುವುದು ಎಷ್ಟು ದೊಡ್ಡ ಸಂಗತಿಯೆಂದು, ಸೋಲಿಗೆ ಸಾವೇ ಬೆಲೆಯಾಗಿದ್ದ ಕಾಲವನ್ನು ಕಂಡವರಿಗಿಂತ ಚೆನ್ನಾಗಿ ಯಾರು ಬಲ್ಲರು? ಋಣ ಸಲ್ಲಿಸಲು ಮೈದಾನವೇ ಏಕೆ ಎಂಬ ಪ್ರಶ್ನೆಗೆ ಇದೇ ಸಮರ್ಪಕವಾದ ಉತ್ತರವೆಂದು ತೋರುತ್ತದೆ.

ಮಹಾಭಾರತದಲ್ಲಿ ಈ ವಿಚಾರಕ್ಕೆ ನೇರವಾಗಿ ಸಂಬಂಧಿಸಿದ, ಆದರೆ ಕನ್ನಡ ಓದುಗರ ಗಮನಕ್ಕೆ ಅಷ್ಟಾಗಿ ಬಾರದ ಒಂದು ಪ್ರಸಂಗವಿದೆ. ಕುಮಾರವ್ಯಾಸನ ಕಾವ್ಯ ಗದಾಪರ್ವಕ್ಕೆ ಮುಗಿಯುವುದರಿಂದ ಕೊನೆಯ ಪರ್ವಗಳ ಪರಿಚಯ ಕನ್ನಡದಲ್ಲಿ ಬೇರೆ ದಾರಿಗಳಿಂದ ಆಗಬೇಕಾಯಿತು. ಮೈಸೂರು ಅರಮನೆಯ ಆಶ್ರಯದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಿದ್ಧವಾದ ‘ಕೃಷ್ಣರಾಜವಾಣೀವಿಲಾಸ’ ಎಂಬ ಗದ್ಯಭಾರತ ಅವುಗಳಲ್ಲಿ ಒಂದು. ಮಹಾಪ್ರಸ್ಥಾನಿಕ ಪರ್ವದಲ್ಲಿ ಪಾಂಡವರು ರಾಜ್ಯವನ್ನು ಬಿಟ್ಟು ಹೊರಡುವಾಗ, ಯುಧಿಷ್ಠಿರನು ಕೃಪಾಚಾರ್ಯನನ್ನು ಗೌರವಿಸಿ ಪರೀಕ್ಷಿತನನ್ನು ಅವನ ಶಿಷ್ಯನನ್ನಾಗಿ ಒಪ್ಪಿಸುತ್ತಾನೆ. ಕೃಪನು ಕೌರವ ಪಕ್ಷದಲ್ಲಿ ಉಳಿದ ಮೂವರಲ್ಲಿ ಒಬ್ಬ. ಅಶ್ವತ್ಥಾಮನು ರಾತ್ರಿ ಪಾಂಡವರ ಪಾಳೆಯಕ್ಕೆ ನುಗ್ಗಿ ಮಲಗಿದ್ದ ದ್ರೌಪದಿಯ ಮಕ್ಕಳನ್ನು ಕೊಂದಾಗ, ಮೊದಲು ಬೇಡವೆಂದು ವಾದಿಸಿದ ಕೃಪನೇ ಕೊನೆಗೆ ಕೃತವರ್ಮನೊಂದಿಗೆ ಬಾಗಿಲಲ್ಲಿ ನಿಂತು, ತಪ್ಪಿಸಿಕೊಂಡು ಓಡಿ ಬಂದವರನ್ನು ಕಡಿದವನು. ಪರೀಕ್ಷಿತನಾದರೋ ಅದೇ ಅಶ್ವತ್ಥಾಮನ ಅಸ್ತ್ರಕ್ಕೆ ಗರ್ಭದಲ್ಲಿಯೇ ಗುರಿಯಾಗಿ, ಕೃಷ್ಣನ ಕೃಪೆಯಿಂದ ಉಸಿರು ಪಡೆದ ಮಗು.

1942ರ ಸತ್ಯಾಗ್ರಹಿಯನ್ನು ಕೃಪನೊಂದಿಗೆ ಹೋಲಿಸುವಂತಿಲ್ಲ. ಒಬ್ಬನ ಕೈಯಲ್ಲಿ ರಕ್ತವಿದೆ, ಇನ್ನೊಬ್ಬನ ಮೈಮೇಲೆ ಲಾಠಿಯ ಬಾಸುಂಡೆಯಿದೆ. ಆದರೂ ಸತ್ತವರ ಲೆಕ್ಕವನ್ನು ಹೊತ್ತ ಮುದುಕನೊಬ್ಬನ ಕೈಗೆ ಎಳೆಯನೊಬ್ಬನ ಶರೀರವನ್ನು, ಅದರ ಅಭ್ಯಾಸವನ್ನು ಒಪ್ಪಿಸುವ ಧೈರ್ಯ ಎರಡೂ ಕಡೆ ಒಂದೇ. ಮಹಾಭಾರತವು ಕೃಪನ ಅಪರಾಧವನ್ನು ಅಳಿಸುವುದಿಲ್ಲ, ಅವನಿಂದ ಪ್ರಾಯಶ್ಚಿತ್ತದ ಮಾತುಗಳನ್ನೂ ಆಡಿಸುವುದಿಲ್ಲ. ಅವನಿಗೆ ಒಬ್ಬ ಶಿಷ್ಯನನ್ನು ಕೊಡುತ್ತದೆ, ಅಷ್ಟೆ. ಆ ಶಿಷ್ಯನು ಬೆಳೆದು ಒಳ್ಳೆಯ ಅರಸನಾದ, ಧನುರ್ವಿದ್ಯೆಯಲ್ಲಿ ಕೊರತೆಯಿಲ್ಲದವನಾದ. ಆದರೂ ಬೇಟೆಯಲ್ಲಿ ಬಳಲಿ ಬಂದ ಒಂದು ದಿನ, ಕೇಳಿದ್ದಕ್ಕೆ ಉತ್ತರ ಕೊಡದೆ ಮೌನವ್ರತದಲ್ಲಿ ಕುಳಿತಿದ್ದ ಶಮೀಕ ಮುನಿಯ ಕೊರಳಿಗೆ ಸಿಟ್ಟಿನಿಂದ ಸತ್ತ ಹಾವನ್ನು ಹಾಕಿ, ಶಾಪಕ್ಕೆ ಗುರಿಯಾಗಿ ಸತ್ತ. ಆ ತಪ್ಪಿಗೆ ವ್ಯಾಸರು ಅವನ ಗುರುವನ್ನು ಹೊಣೆ ಮಾಡುವುದಿಲ್ಲ, ಅವನು ಒಳ್ಳೆಯ ಅರಸನಾದದ್ದರ ಕೀರ್ತಿಯನ್ನು ಗುರುವಿಗೆ ಕಟ್ಟುವುದೂ ಇಲ್ಲ.